ಕಣ್ಣಿದ್ದಾಗ ಕಂಡದ್ದು

ಶೇವಂತಾಬಾಯಿಯ ಬಲಗಣ್ಣು ಹೋದದ್ದು ಸಂಕ್ರಾಂತಿ ಆದ ನಾಲ್ಕನೆಯ ದಿನ, ಬಕ್ಕಪ್ಪ ಪಾಟೀಲನ ದನದ ಕೊಟ್ಟಿಗೆಯಲ್ಲಿ, ಸೆಗಣಿ ಬಾಚುವಾಗ.

ಮೂರು ದಿನ ಮೊದಲೇ ಕಣ್ಣಿನ ಹಿಂದೆ ನೋವು ಶುರುವಾಗಿತ್ತು. ನೆಟ್ಟಗೆ ನೋಡಿದರೆ ಸುಮ್ಮನಿರುತ್ತಿತ್ತು. ಕಣ್ಣು ಆಚೆ ಈಚೆ ಹೊರಳಿಸಿದರೆ ಒಳಗಿನಿಂದ ಯಾರೋ ದಾರ ಕಟ್ಟಿ ಎಳೆದ ಹಾಗಾಗುತ್ತಿತ್ತು. ಅವಳು ಯಾರಿಗೂ ಹೇಳಲಿಲ್ಲ. ಅರವತ್ತು ದಾಟಿದ ಮೈ. ಸೊಂಟ ನೋಯುತ್ತಿತ್ತು, ಮೊಣಕಾಲು ನೋಯುತ್ತಿತ್ತು, ಅವುಗಳ ಜೊತೆಗೆ ಇದೂ ಒಂದು ಅಂದುಕೊಂಡಳು.

ಆ ದಿನ ಬೆಳಿಗ್ಗೆ ಪಾಟೀಲನ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಹೊಲಗೇರಿಯವರು ಆ ಅಂಗಳ ತುಳಿಯುವಂತಿಲ್ಲ. ಗೋಡೆಯ ಆಚೆಯಿಂದಲೇ ನೋಡಿ ಅವಳು ಸೊಸೆಯನ್ನು ಕೇಳಿದಳು.

"ಶಾಲೂ, ಈ ಸಲದ ಮೆಣಸಿನಕಾಯಿ ಯಾಕ ಹಿಂಗ ಬೂದಿ ಬಣ್ಣ ಆಗ್ಯಾವ?"

ಶಾಲುಬಾಯಿ ನಕ್ಕಳು. "ಬೂದಿ ಎಲ್ಲಿದ ಅತ್ತಿ? ಕೆಂಡದಂಗ ಕೆಂಪಗ ಅವ."

ಶೇವಂತಾಬಾಯಿ ಎಡಗಣ್ಣಿನಿಂದ ನೋಡಿದಳು. ಕೆಂಪು. ಬಲಗಣ್ಣಿನಿಂದ ನೋಡಿದಳು. ಬೂದಿ. ಸೆಗಣಿ ತುಂಬುವ ಹೆಡಗಿ ಬುಟ್ಟಿ ಎತ್ತಿಕೊಂಡಳು. ಮೂವತ್ತೆರಡು ದನ. ನಲವತ್ತು ವರ್ಷದಿಂದ ಅದೇ ಕೊಟ್ಟಿಗೆ, ಅದೇ ಹೆಡಗಿ. ಅವಳಿಗಿಂತ ಮೊದಲು ಅವಳ ಅತ್ತೆ. ಎಲ್ಲ ಬಿಟ್ಟಿ. ಸುಗ್ಗಿ ಮುಗಿದ ಮೇಲೆ ಕಣದ ತಳದಲ್ಲಿ ಮಣ್ಣು ಬೆರೆತು ಉಳಿದ ಜೋಳವನ್ನು ಬಾಚಿಕೊಂಡು ಹೋಗು ಅನ್ನುತ್ತಿದ್ದರು. ಅಷ್ಟೇ. ನಿಜಾಮನ ರಾಜ್ಯ ಹೋಯಿತು, ಇನ್ನು ಮುಂದೆ ಬಿಟ್ಟಿ ಚಾಕರಿ ಇಲ್ಲ ಎಂದು ಔರಾದಿನಲ್ಲಿ ಡಂಗುರ ಹೊಡೆಸಿದ್ದರು. ಆ ಡಂಗುರ ಹೊಡೆದ ಹೊಲೆಯನೂ ಬಿಟ್ಟಿಯಾಗಿಯೇ ಹೊಡೆದಿದ್ದ.

ಹೊತ್ತು ಏರುವಷ್ಟರಲ್ಲಿ ಬಲಗಣ್ಣಿನ ನಡುವೆ ಹೊಗೆ ತುಂಬಿತು. ಮಧ್ಯಾಹ್ನದ ಹೊತ್ತಿಗೆ ಹೊಗೆ ಕಪ್ಪಾಯಿತು. ಎದುರಿಗಿದ್ದ ಎತ್ತಿನ ಕೋಡು ಕಾಣದೆ ಹಣೆಗೆ ಬಡಿಯಿತು. ಅವಳು ಸೆಗಣಿಯ ಮೇಲೆ ಕುಸಿದು ಕೂತಳು.

ಪಾಟೀಲನಿಗೆ ಸುದ್ದಿ ಹೋಯಿತು. ಅವನು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ.

"ಏನ್ ಆಗ್ಯಾದ?"

"ಕಣ್ಣು ಕಾಣವಲ್ದರಿ ಧಣಿ. ಬಲಗಣ್ಣು ಪೂರಾ ಕತ್ತಲಾಗ್ಯಾದ."

"ಇತ್ತ ಮಾರಿ ಮಾಡು."

ಅವಳು ಮುಖ ತಿರುಗಿಸಿದಳು. ಪಾಟೀಲ ದೂರದಿಂದಲೇ ಬಗ್ಗಿ ನೋಡಿದ. "ಪೊರಿ ಇಲ್ಲ. ಕೆಂಪಿಲ್ಲ. ನೀರು ಸೋರವಲ್ದು. ನನ್ನ ಕಣ್ಣಿಗಿಂತ ಚೊಕ್ಕ ಅವ. ಯಾರಿಗೆ ನಾಟಕ ತೋರಸ್ತಿ? ಹೊಸ ಸರಕಾರ ಬಂದಾಗಿಂದ ನಿಮ್ಮೋರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಬ್ಯಾನಿ ಸುರು ಆಗ್ಯಾದ."

"ನಾಟಕ ಅಲ್ಲರಿ ಧಣಿ."

"ನೋಡೇ ಬಿಡಮು."

ಅವನು ಆಳಿಗೆ ಹೇಳಿ ಬೇಲಿಯಿಂದ ಜಾಲಿಯ ಮುಳ್ಳುಕೊಂಬೆ ತರಿಸಿ ಕೊಟ್ಟಿಗೆಯ ಮುಂದೆ ಹರವಿಸಿದ. ಅವಳ ಎಡಗಣ್ಣಿಗೆ ಅವಳ ಸೆರಗಿನಿಂದಲೇ ಕಟ್ಟಿಸಿದ. "ನಡಿ. ಕಣ್ಣು ಕಂಡರ ಬಗಲಿಗೆ ಸರೀತಿ. ಅವಾಗ ತಿಳೀತದ."

ಶೇವಂತಾಬಾಯಿ ನಡೆದಳು. ಬಗಲಿಗೆ ಸರಿಯಲಿಲ್ಲ. ಬರಿಗಾಲು ಮುಳ್ಳಿನ ಮೇಲೆ ಬಿತ್ತು. ಮತ್ತೆ ಬಿತ್ತು. ಆರು ಹೆಜ್ಜೆಗೆ ಮುಳ್ಳು ಮುಗಿಯಿತು. ನೋಡುತ್ತಾ ನಿಂತವರಲ್ಲಿ ಕೆಲವರು ನಕ್ಕರು. ಮರಿ ಮಾರಲು ಬಂದಿದ್ದ ಕುರುಬರ ಧೊಂಡಿಬಾ ನಗಲಿಲ್ಲ. ಕೈಯಲ್ಲಿದ್ದ ಕೋಲಿನಿಂದ ನೆಲ ಕೆದಕುತ್ತಾ ನಿಂತಿದ್ದ.

ಪಾಟೀಲ ಹೇಳಿದ, "ಹಟಮಾರಿ ಮುದುಕಿ. ಬೇಕಂತ ತುಳೀತಾಳ. ನಾಳಿಗೆ ಹೊತ್ತಿಗೆ ಸರಿಯಾಗಿ ಬಾ."

ಮಗ ನರಸಿಂಗ ಅವ್ವನ ಅಂಗಾಲಿನಿಂದ ಒಂದೊಂದೇ ಮುಳ್ಳು ಕಿತ್ತ. ಹದಿನೇಳು ಮುಳ್ಳು. ಕಿತ್ತು ಮುಗಿಸಿ, "ಬೀದರಕ್ಕ ಹೋಗಮು ಯವ್ವಾ. ಅಲ್ಲಿ ಕಣ್ಣಿನ ಡಾಕ್ಟರ ಅದಾರಂತ" ಅಂದ.

"ಪಾಟೀಲ ಬಿಡತಾನೇನು?"

"ಕೇಳೋರ್ಯಾರು ಅವನಿಗಿ?"

ಅವರಿದ್ದ ಊರು ಸಂತಪುರದಿಂದ ಎರಡು ಹರದಾರಿ. ಸುತ್ತಿನವರು ಅದನ್ನು ವಾಡಿ ಎನ್ನುತ್ತಿದ್ದರು. ತಾಯಿ ಮಗ ಸಂತಪುರಕ್ಕೆ ಬಂದು, ಮಾಂಜ್ರಾ ಹೊಳೆಯ ಮೊಣಕಾಲುದ್ದದ ನೀರು ದಾಟಿ, ಜನವಾಡದ ಹೊರಗೆ ಒಂದು ಮರದ ಕೆಳಗೆ ತಂಗಿ, ಎರಡನೆಯ ದಿನ ಬೀದರ ಸೇರಿದರು. ಅವಳು ಗಾಯದ ಕಾಲಿಗೆ ಬಟ್ಟೆ ಸುತ್ತಿಕೊಂಡು, ಮಗನ ಹೆಗಲ ಮೇಲೆ ಕೈಯಿಟ್ಟು ನಡೆದಳು.

ದವಾಖಾನೆಯ ಕಣ್ಣಿನ ಡಾಕ್ಟರು ಫಕ್ರೋದ್ದೀನ ಸಾಹೇಬರು. ಬಿಳಿ ಗಡ್ಡದ ತೆಳ್ಳಗಿನ ಮನುಷ್ಯ. ಶೇವಂತಾಬಾಯಿ ಬಾಗಿಲಲ್ಲೇ ನೆಲಕ್ಕೆ ಕೂತಳು. ಡಾಕ್ಟರು ಎದ್ದು ಬಂದು ತೋಳು ಹಿಡಿದು ಸ್ಟೂಲಿನ ಮೇಲೆ ಕೂಡಿಸಿದರು. ಗದ್ದ ಹಿಡಿದು ಮುಖ ಎತ್ತಿದರು. ಹೊರಗಿನ ಗಂಡಸೊಬ್ಬ ಹೊಡೆಯಲಿಕ್ಕಲ್ಲದೆ ಅವಳ ಮುಖ ಮುಟ್ಟಿದ್ದು ಅದೇ ಮೊದಲು. ಅವಳು ಹೆದರಿ ಕುತ್ತಿಗೆ ಒಳಗೆಳೆದುಕೊಂಡಳು.

"ಅಂಜಬ್ಯಾಡ ಬಾಯಿ. ದೀಪ ನೋಡು."

ಸಣ್ಣ ದೀಪವನ್ನು ಒಂದು ಕಣ್ಣಿಗೆ ಹಿಡಿದರು, ಇನ್ನೊಂದಕ್ಕೆ ಹಿಡಿದರು. ಮತ್ತೆ ಮತ್ತೆ ಹಾಗೆ ಮಾಡಿದರು. ಕನ್ನಡಿಯಂಥದೇನನ್ನೋ ಕಣ್ಣಿಗೆ ಒತ್ತಿಕೊಂಡು ಅವಳ ಕಣ್ಣೊಳಗೆ ಬಹಳ ಹೊತ್ತು ನೋಡಿದರು. ಅವರ ಉಸಿರು ಅವಳ ಕೆನ್ನೆಗೆ ತಾಗುತ್ತಿತ್ತು.

"ಮೋತಿಬಿಂದು ಅಲ್ಲ, ಪೊರಿ ಬಂದಿಲ್ಲ" ಎಂದು ನರಸಿಂಗನಿಗೆ ಹೇಳಿದರು. "ಕಣ್ಣು ಛಲೋ ಅದ. ಕಣ್ಣಿನ ಹಿಂದ ಒಂದು ನರ ಇರ್ತದ. ಕಂಡದ್ದನ್ನ ತಲಿಗೆ ಮುಟ್ಟಸೂದು ಅದು. ಆ ನರ ಬಾತದ. ಹರೆಯದವರಿಗೆ ಹಿಂಗಾದ್ರ ಎಷ್ಟೋ ಮಂದಿಗೆ ತಿಂಗಳದಾಗ ತಿರುಗಿ ಕಾಣ್ತದ. ಈ ವಯಸ್ಸಿನಾಗ ನಾ ಮಾತು ಕೊಡಲಾರೆ."

"ಇನ್ನೊಂದು ಕಣ್ಣರಿ ಸಾಹೇಬ್ರ?"

"ಉಳೀಬಹುದು. ಹೋಗಲೂಬಹುದು. ಪುಡಿ ಕೊಡ್ತೀನಿ, ಸುಜಿ ಹಾಕ್ತೀನಿ. ಹೆಚ್ಚಿನ ದವಾ ನನ್ನ ಹತ್ರ ಇಲ್ಲ. ತಿಂಗಳ ತನಕ ಭಾರ ಹೊರಬಾರದು. ಮಲಗಿರಬೇಕು."

ಮಲಗಿರುವುದು ಎಂಬುದು ಹೊಲಗೇರಿಯಲ್ಲಿ ಸತ್ತವರಿಗೆ ಮಾತ್ರ ಸಿಗುತ್ತಿತ್ತು. ನರಸಿಂಗ ಮುಳ್ಳಿನ ಸಂಗತಿ ಹೇಳಿದ. ಡಾಕ್ಟರ ಮುಖ ಬಿಗಿಯಿತು.

"ನಾಟಕ ಮಾಡ್ಲಿಕ್ಕಿ ಬರಲ್ಲ ಇದು. ಬೆಳಕು ಬಿದ್ದರ ಕಣ್ಣಿನ ಕರಿ ಗೊಂಬಿ ಸಣ್ಣದಾಗಬೇಕು. ಈಕಿದು ಆಗವಲ್ದು. ಯಾವ ಮನಷ್ಯಾನೂ ಅದನ್ನ ಬೇಕಂತ ಮಾಡಲಾರ. ನಾ ಬರದು ಕೊಡ್ತೀನಿ, ನಿನ್ನ ಪಾಟೀಲಗ ತೋರಸು."

ಚೀಟಿ ಬರೆದರು. ಬಲಗಣ್ಣಿನ ದೃಷ್ಟಿ ಇಂಥ ತಾರೀಖಿಗೆ ಒಮ್ಮೆಲೇ ಹೋಗಿದೆ, ಅದಕ್ಕೂ ಮೊದಲು ಎರಡೂ ಕಣ್ಣು ಸರಿಯಿದ್ದವು, ಎಡಗಣ್ಣು ಈಗಲೂ ಸರಿಯಿದೆ ಎಂದು ಓದಿ ಹೇಳಿ ಸಿಕ್ಕಾ ಒತ್ತಿದರು. ದವಾಖಾನೆಯ ದಫ್ತರದಲ್ಲೂ ಬರೆದುಕೊಂಡರು.

ಬೀದರದಲ್ಲಿ ಉಳಿಯಲು ಅವರಿಗಿದ್ದದ್ದು ಒಂದೇ ಮನೆ. ಚೌಬಾರಾ ಗೋಪುರದ ಹಿಂದಿನ ಗಲ್ಲಿಯಲ್ಲಿ ಕುಬರಾ ತನ್ನ ಅಪ್ಪನ ಅಕ್ಕನ ಮನೆಯಲ್ಲಿದ್ದಳು. ಕುಬರಾ ವಾಡಿಯ ಪಿಂಜಾರ ಸಲಾವೋದ್ದೀನನ ಮಗಳು. ಇಪ್ಪತ್ತಾರು ವರ್ಷದ ವಿಧವೆ. ಅವಳು ಹುಟ್ಟಿದಾಗ ಹೊಕ್ಕುಳ ಕೊಯ್ದವಳು ಶೇವಂತಾಬಾಯಿ. ನಾಲ್ಕು ತಿಂಗಳ ಹಿಂದೆ ಅವಳಿಗೆ ಶಾಲುಬಾಯಿಯ ಸೀರೆ ಉಡಿಸಿ, ಹಣೆಗೆ ಕುಂಕುಮ ಇಟ್ಟು, ತಲೆಯ ಮೇಲೆ ಮೇವಿನ ಹೊರೆ ಹೊರಿಸಿ, ಹಾಡುಹಗಲೇ ಪಾಟೀಲನ ಮನೆಯ ಮುಂದಿನಿಂದ ನರಸಿಂಗನ ಜೊತೆ ಬೀದರಕ್ಕೆ ಕಳಿಸಿದವಳೂ ಅವಳೇ. ಹೊಲೆಯರ ಹೆಣ್ಣಿನ ಮುಖವನ್ನು ಆ ಊರಲ್ಲಿ ಯಾರೂ ನೋಡುತ್ತಿರಲಿಲ್ಲ. ಅದರಿಂದ ಕುಬರಾ ಉಳಿದಳು.

ಕುಬರಾ ರೊಟ್ಟಿ ತಟ್ಟಿ ಕೊಟ್ಟಳು. ಕಾಲಿಗೆ ಬಿಸಿನೀರು ಹಾಕಿದಳು. ಎಲ್ಲ ಮುಗಿದ ಮೇಲೆ ಎದುರಿಗೆ ಕೂತಳು.

"ಖಾಲಾ, ಅಪ್ಪ ಅವ್ವನ ಸಲವಾಗಿ ನಾ ಅರ್ಜಿ ಕೊಟ್ಟೀನಿ. ವಿಚಾರಣಿಗಿ ಸಾಹೇಬರು ಬರ್ತಾರಂತ. ಸಾಕ್ಷಿ ಯಾರಂತ ಕೇಳಿದ್ರು. ನಾ ನೋಡಿಲ್ಲ. ನೀ ನನ್ನ ಮೇವಿನಾಗ ಮುಚ್ಚಿಟ್ಟಿದ್ದಿ. ಚೀರೂದಷ್ಟೇ ಕೇಳಿಸ್ತು. ನೀ ನೋಡಿದಿ. ಹೇಳ್ತಿ?"

ನರಸಿಂಗ ಅವ್ವನ ಮುಖ ನೋಡಿದ.

ಶೇವಂತಾಬಾಯಿ ನೋಡಿದ್ದಳು. ಹಿಂದುಸ್ತಾನದ ಲಷ್ಕರು ಬೀದರದ ಹಾದಿಯಲ್ಲಿ ಹಾದುಹೋಗಿ ನಾಲ್ಕು ದಿನವಾಗಿತ್ತು. ಅದಕ್ಕೂ ಮೊದಲು ಬೇಸಿಗೆಯಲ್ಲಿ ರಜಾಕಾರರು ಬಂದು ಪಾಟೀಲನ ಬಣವೆಗಳಿಗೆ ಬೆಂಕಿ ಇಟ್ಟು ಹೋಗಿದ್ದರು. ಅವರು ಹೊರಗಿನವರು. ಬಂದ ದಾರಿಯಲ್ಲೇ ಓಡಿಹೋಗಿದ್ದರು. ಊರಲ್ಲಿ ಉಳಿದವನು ಹತ್ತಿ ಹಿಂಜುವ ಸಲಾವೋದ್ದೀನ. ಬಾವಿಯ ಪಕ್ಕ ಅವನದು ಮೂರು ಎಕರೆ ಎರೆಹೊಲ. ಪಾಟೀಲ ಎರಡು ಸಲ ಕೇಳಿದ್ದ, ಅವನು ಎರಡು ಸಲ ಕೊಡುವುದಿಲ್ಲ ಅಂದಿದ್ದ.

ಅಂದು ಪಾಟೀಲ ಅವಳನ್ನು ಹೊಸ ಬಣವೆಯ ಮೇಲೆ ಹತ್ತಿಸಿ ಮೇವು ಹಿರಿಯಲು ಹೇಳಿದ್ದ. ಆಮೇಲೆ ಮರೆತ. ಬಣವೆಯ ಮೇಲಿರುವುದು ಕಣ್ಣಿರುವ ಮನುಷ್ಯಳು ಎಂಬುದು ಅವನ ತಲೆಗೆ ಹೋಗಲಿಲ್ಲ. ಅಲ್ಲಿಂದ ಪಿಂಜಾರರ ಓಣಿ ಕಾಣುತ್ತಿತ್ತು, ಬಾವಿ ಕಾಣುತ್ತಿತ್ತು. ಕೊಡಲಿ ಹಿಡಿದವರು ಹದಿನೈದು ಮಂದಿ. ಓಣಿಯಿಂದ ಓಡಿ ಬಂದ ಕುಬರಾಳನ್ನು ಅವಳು ಬಣವೆಯೊಳಗೆ ಎಳೆದು ಮೇವು ಮುಚ್ಚಿದಳು. ಸಲಾವೋದ್ದೀನನನ್ನೂ ಅವನ ತಮ್ಮ ಮಹಮ್ಮದ ಇಸ್ಮಾಯಿಲನನ್ನೂ ತಮ್ಮನ ಇಬ್ಬರು ಮಕ್ಕಳನ್ನೂ ಹಗ್ಗ ಹಾಕಿ ಎಳೆದು ತಂದರು. ಸಲಾವೋದ್ದೀನ ಕೈ ಮುಗಿದ. ಬಕ್ಕಪ್ಪ ಪಾಟೀಲ ಅವನ ಎದೆಗೆ ಕಾಲಿಟ್ಟು ಬಾವಿಗೆ ನೂಕಿದ. ಉಳಿದ ಮೂವರನ್ನು ಕಡಿದು ಬಾವಿಗೆ ಹಾಕಿದರು. ಸಲಾವೋದ್ದೀನನ ಹೆಂಡತಿ ಶಾಕಿರಾ ಬೇಗಂ ಓಡಿ ಬಂದಳು. ಅವಳನ್ನು ಯಾರೂ ಮುಟ್ಟಲಿಲ್ಲ. ಅವಳೇ ಹಾರಿದಳು. ಒಳಗಿನಿಂದ ಇನ್ನೂ ಸದ್ದು ಬರುತ್ತಿತ್ತು. ಪಾಟೀಲ ಎರಡೂ ಕೈಯಿಂದ ಒಂದು ಕಲ್ಲು ಎತ್ತಿದ.

ಮರುದಿನ ಹೊಲಗೇರಿಯವರನ್ನು ಬಿಟ್ಟಿಗೆ ಕರೆದರು. ಬಾವಿ ಮುಚ್ಚಬೇಕು. ಎಂಟು ದಿನ ಕಲ್ಲು ಮಣ್ಣು ಹೊತ್ತರು. ನರಸಿಂಗ ಹೊತ್ತ. ಶೇವಂತಾಬಾಯಿಯೂ ಹೊತ್ತಳು. ತಾನು ಹೊಕ್ಕುಳ ಕೊಯ್ದ ಮಗುವಿನ ತಾಯಿಯ ಮೇಲೆ ಅವಳು ಹೆಡಗಿ ಹೆಡಗಿ ಮಣ್ಣು ಸುರಿದಳು. ಹಿಂಗಾರಿಗೆ ಅದರ ಮೇಲೆಯೇ ಪಾಟೀಲ ಜೋಳ ಬಿತ್ತಿಸಿದ.

"ಹೇಳ್ತೀನಿ" ಅಂದಳು ಶೇವಂತಾಬಾಯಿ.

ವಾಡಿಗೆ ತಿರುಗಿ ಬಂದು ನರಸಿಂಗ ಡಾಕ್ಟರ ಚೀಟಿಯನ್ನು ಪಾಟೀಲನ ಕಟ್ಟೆಯ ಮೇಲಿಟ್ಟು ದೂರ ಸರಿದ. ಪಾಟೀಲ ಉರ್ದು ಓದಬಲ್ಲವನು. ಓದಿದ. "ಫಕ್ರೋದ್ದೀನ" ಎಂದು ಕೊನೆಯ ಹೆಸರನ್ನು ಬಾಯಿಬಿಟ್ಟು ಓದಿದ. ಚೀಟಿಯನ್ನು ನಾಲ್ಕು ತುಂಡು ಮಾಡಿದ.

"ತುರಕ ಬರದಾನ, ಹೊಲೆಯ ತಂದಾನ. ನಿಮ್ಮವ್ವಗ ಹೇಳು, ಒಂದು ಕಣ್ಣು ಸಾಕು ಸೆಗಣಿಗಿ."

ಶೇವಂತಾಬಾಯಿ ಮತ್ತೆ ಹೆಡಗಿ ಹೊತ್ತಳು. ಹೊರದಿದ್ದರೆ ಕೇರಿಯವರು ಕೆರೆಯ ನೀರಿಗೆ ಇಳಿಯುವಂತಿಲ್ಲ ಎಂದು ಪಾಟೀಲ ಹೇಳಿ ಕಳಿಸಿದ್ದ. ಶಿವರಾತ್ರಿಯ ಹಿಂದಿನ ದಿನ ಎಡಗಣ್ಣಿನ ಹಿಂದೆ ಅದೇ ನೋವು ಬಂತು. ಈ ಸಲ ಅವಳಿಗೆ ಗೊತ್ತಿತ್ತು. ಅಂದು ಸಂಜೆ ಅವಳು ಗುಡಿಸಲ ಮುಂದೆ ಕೂತು ಸೊಸೆಯ ಮುಖವನ್ನು ನೋಡಿದಳು, ಮಗನ ಮುಖವನ್ನು ನೋಡಿದಳು, ತನ್ನ ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಒಲೆಯ ಬೆಂಕಿಯ ಕೆಂಪು ಮಾಸುತ್ತಾ ಹೋಯಿತು. ಎರಡನೆಯ ದಿನಕ್ಕೆ ಎಲ್ಲ ಮುಗಿಯಿತು. ಭಾರ ಹೊತ್ತದ್ದಕ್ಕೆ ಹೋಯಿತೋ, ಹೇಗಿದ್ದರೂ ಹೋಗುವುದೇ ಇತ್ತೋ, ಯಾರು ಹೇಳಬೇಕು?

ಬೆಳಿಗ್ಗೆ ಎದ್ದು ಕಣ್ಣು ತೆರೆಯುತ್ತಿದ್ದಳು. ತೆರೆದದ್ದೂ ಮುಚ್ಚಿದ್ದೂ ಒಂದೇ. ಕೈಯಿಂದ ರೆಪ್ಪೆ ಮುಟ್ಟಿ ತೆರೆದಿದೆಯೋ ಇಲ್ಲವೋ ನೋಡಿಕೊಳ್ಳುತ್ತಿದ್ದಳು. ಬಯಲಿಗೆ ಹೋಗಲು ಸೊಸೆಯ ಕೈ ಬೇಕು. ತಟ್ಟೆಯಲ್ಲಿ ರೊಟ್ಟಿ ಹುಡುಕಬೇಕು. ಒಮ್ಮೆ ನೀರೆಂದು ಹಿಟ್ಟಿನ ಗಡಿಗೆಗೆ ಕೈ ಅದ್ದಿದಳು. ಶಾಲುಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಪಾಟೀಲ ಆಗಲೂ ಬಿಡಲಿಲ್ಲ. "ಹೆಡಗಿ ಹೊರಲಿಕ್ಕಿ ತಲಿ ಸಾಕು. ಕಣ್ಣು ಯಾಕ ಬೇಕು?" ಎಂದ. ಕೊಟ್ಟಿಗೆಯಿಂದ ತಿಪ್ಪೆಯವರೆಗೆ ಒಂದು ಹಗ್ಗ ಕಟ್ಟಿಸಿದ. ಒಂದು ಕೈಯಿಂದ ಹಗ್ಗ ಹಿಡಿದು, ಇನ್ನೊಂದು ಕೈಯಿಂದ ತಲೆಯ ಮೇಲಿನ ಹೆಡಗಿ ಹಿಡಿದು ಅವಳು ನಡೆಯಬೇಕು. ಪಾಟೀಲನ ಮನೆಯ ಪೋರರು ಹಗ್ಗವನ್ನು ಅಲ್ಲಾಡಿಸುತ್ತಿದ್ದರು. ಅವಳು ಬೀಳುತ್ತಿದ್ದಳು. ಸೆಗಣಿ ಮುಖದ ಮೇಲೆ ಬೀಳುತ್ತಿತ್ತು. "ಕಾಣ್ತದ, ಕಾಣ್ತದ! ಬೇಕಂತ ಬೀಳ್ತಾಳ!" ಎಂದು ಕೂಗುತ್ತಿದ್ದರು. ಪಾಟೀಲನೇ ಕಲಿಸಿದ ಮಾತು ಅದು.

ಯುಗಾದಿ ಕಳೆದು ಹತ್ತು ದಿನಕ್ಕೆ ವಿಚಾರಣೆಯ ಸಾಹೇಬ ಬಂದ. ಮುಂಬಯಿ ಕಡೆಯಿಂದ ಹೊಸದಾಗಿ ಬಂದ ಅಧಿಕಾರಿ. ಜೀಪು ಪಾಟೀಲನ ಮನೆಯ ಮುಂದೆಯೇ ನಿಂತಿತು. ಊಟ ಪಾಟೀಲನ ಮನೆಯಲ್ಲಿಯೇ ಆಯಿತು. ಬಕ್ಕಪ್ಪ ಪಾಟೀಲ ಬಿಳಿ ಖಾದಿ ಟೋಪಿ ಹಾಕಿಕೊಂಡಿದ್ದ. ಆಮೇಲೆ ಸಾಹೇಬ ಚಾವಡಿಯ ಕಟ್ಟೆಯ ಮೇಲೆ ಕುರ್ಚಿ ಮೇಜು ಹಾಕಿಸಿ ಕೂತ. ಪಕ್ಕದಲ್ಲಿ ಬರೆಯುವ ಮುನ್ಶಿ. ಊರಿನವರು ಕಟ್ಟೆಯ ಸುತ್ತ ನಿಂತರು. ಹೊಲಗೇರಿಯವರು ಮೆಟ್ಟಿಲ ಕೆಳಗೆ, ಹತ್ತು ಮಾರು ದೂರ.

ಕುಬರಾಳ ಹೆಸರು ಕೂಗಿದರು. ಅವಳು ಬೀದರದಿಂದ ಬುರ್ಖಾ ಹಾಕಿಕೊಂಡು ಬಂದಿದ್ದಳು. ತಾನು ನೋಡಿಲ್ಲ, ಶೇವಂತಾಬಾಯಿ ನೋಡಿದ್ದಾಳೆ ಎಂದಳು.

"ಯಾರು ಶೇವಂತಾಬಾಯಿ?"

ನರಸಿಂಗ ಅವ್ವನ ಕೈ ಹಿಡಿದು ಮುಂದೆ ತಂದ. ಮೆಟ್ಟಿಲ ಕೆಳಗೆ ನಿಲ್ಲಿಸಿದ. ಸಾಹೇಬ ಅವಳ ನಡಿಗೆ ನೋಡಿದ.

"ಕಣ್ಣಿಗೆ ಏನಾಗಿದೆ?"

ಅವಳು ಬಾಯಿ ತೆರೆಯುವ ಮೊದಲೇ ಪಾಟೀಲ ಹೇಳಿದ. "ಕುರುಡಿ ಅದಾಳರಿ ಸಾಹೇಬ್ರ. ಎರಡು ವರ್ಷ ಆಯ್ತು. ಏನೂ ಕಾಣಲ್ಲ. ಪಾಪ, ನಾವೇ ಅನ್ನ ಹಾಕ್ತೇವಿ."

ಶೇವಂತಾಬಾಯಿ ಆ ದನಿ ಬಂದ ಕಡೆ ಮುಖ ತಿರುಗಿಸಿದಳು.

ಸಾಹೇಬ ಕೈ ಎತ್ತಿ ಕೇಳಿದ. "ಎಷ್ಟು ಬೆರಳು?"

"ಕಾಣಲ್ಲರಿ ಸಾಹೇಬ್ರ. ಈಗ ಕಾಣಲ್ಲ. ಅವಾಗ ಕಾಣ್ತಿತ್ತು. ಒಂದು ಕಣ್ಣು ಸಂಕ್ರಾಂತಿಗಿ ಹೋಗ್ಯಾದ, ಇನ್ನೊಂದು ಶಿವರಾತ್ರಿಗಿ. ಬಾವ್ಯಾಗ ಹಾಕಿದ್ದು ಭಾದ್ರಪದದಾಗ. ಬೀದರದ ದವಾಖಾನ್ಯಾಗ ಬರದಿಟ್ಟಾರ. ತರಸಿ ನೋಡ್ರಿ."

"ಸುಳ್ಳು" ಎಂದ ಪಾಟೀಲ. "ಊರು ಕೇಳ್ರಿ. ಎರಡು ವರ್ಷ ಆಯ್ತೋ ಇಲ್ಲೋ?"

ಕಟ್ಟೆಯ ಸುತ್ತಲಿನವರು "ಹೌದ್ರಿ, ಹೌದ್ರಿ" ಎಂದರು. ಹತ್ತಿಪ್ಪತ್ತು ಬಾಯಿ.

ಶೇವಂತಾಬಾಯಿ ಮಗನ ಕೈ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟಳು.

"ಪಾಟೀಲರ" ಅಂದಳು. ಧಣಿ ಅನ್ನಲಿಲ್ಲ. "ಕೊಟ್ಟಿಗ್ಯಾಗ ನಾ ಕಣ್ಣಿಲ್ಲ ಅಂದೆ. ನೀವು ಕಣ್ಣು ಅವ, ನಾಟಕ ಅಂದ್ರಿ. ಮುಳ್ಳಿನ ಮ್ಯಾಲ ನಡಸಿದ್ರಿ. ನಿನ್ನಿ ತನಕ ಹಗ್ಗ ಹಿಡಿಸಿ ಸೆಗಣಿ ಹೊರಸಿದ್ರಿ. ಸೆಗಣಿ ಹೊರಲಿಕ್ಕಿ ನನಗ ಕಣ್ಣು ಇದ್ವು. ಸಾಕ್ಷಿ ಹೇಳಲಿಕ್ಕಿ ಎರಡು ವರ್ಷದಿಂದ ಇಲ್ಲ. ಯಾವುದು ಖರೆ? ಒಂದು ಹೇಳ್ರಿ."

ಎಲ್ಲೋ ಒಬ್ಬ ಕೆಮ್ಮಿದ. ಆ ಕೆಮ್ಮು ಅವಳಿಗೆ ಗೊತ್ತಿತ್ತು.

"ಧೊಂಡಿಬಾ, ನೀ ಇದ್ದಿ ಅಲ್ಲಿ. ಮುಳ್ಳು ಹಾಸಿದ ದಿನ ಇದ್ದಿ. ಹೇಳು."

ಎಲ್ಲರ ಕಣ್ಣು ಕುರುಬನ ಮೇಲೆ ಬಿದ್ದವು. ಧೊಂಡಿಬಾ ಪಾಟೀಲನ ಕಡೆ ನೋಡಲಿಲ್ಲ. ಕಂಬಳಿ ಸರಿಮಾಡಿಕೊಂಡ. ನೆಲ ನೋಡುತ್ತಾ ಹೇಳಿದ.

"ಸಂಕ್ರಾಂತಿಗಿ ಆಕಿಗಿ ಕಣ್ಣು ಇದ್ವುರಿ ಸಾಹೇಬ್ರ. ಹಬ್ಬದ ದಿನ ನನ್ನ ಮರಿ ತಪ್ಪಿಸಿಕೊಂಡಿತ್ತು. ಹಳ್ಳದ ಆಚಿ ದಂಡಿಗಿ ಅದ ಅಂತ ಈಕಿನೇ ನೋಡಿ ತೋರಸ್ಯಾಳ."

ಸಾಹೇಬ ಮುಂದೆ ಬಾಗಿದ. "ಬಾವಿಯ ಹತ್ತಿರ ಏನಾಯಿತು? ನೀನು ನೋಡಿದೆಯಾ?"

ಧೊಂಡಿಬಾ ಈಗ ತಲೆ ಎತ್ತಿದ. ಪಾಟೀಲ ಅವನನ್ನೇ ನೋಡುತ್ತಿದ್ದ. ಧೊಂಡಿಬಾನ ಕುರಿಗಳು ಪಾಟೀಲನ ಗುಡ್ಡದಲ್ಲಿ ಮೇಯಬೇಕು.

"ನಾವು ಕುರಿ ಕಾಯೋರ್ರಿ. ಕುರಿ ಅಷ್ಟೇ ನೋಡ್ತೇವಿ."

"ಬಾವಿ ಎಲ್ಲಿದೆ?" ಎಂದು ಸಾಹೇಬ ಪಾಟೀಲನನ್ನು ಕೇಳಿದ.

"ಯಾವ ಬಾವಿರಿ? ಅಲ್ಲಿ ಜೋಳದ ಹೊಲ ಅದ. ಮೊನ್ನೆ ರಾಶಿ ಮಾಡೇವಿ."

"ಅಗಸ್ರಿ!" ಎಂದಳು ಶೇವಂತಾಬಾಯಿ. "ನಾನೇ ಮಣ್ಣು ಹೊತ್ತೀನಿ. ಎಲ್ಲಿ ಅಗೀಬೇಕು ಅಂತ ನಾನೇ ತೋರಸ್ತೀನಿ. ಐದು ಹೆಣ ಅವ."

ಸಾಹೇಬ ಕೈಗಡಿಯಾರ ನೋಡಿಕೊಂಡ. ಸಂಜೆಯೊಳಗೆ ಔರಾದ ಸೇರಬೇಕಿತ್ತು. ಮುನ್ಶಿಗೆ ತಗ್ಗಿದ ದನಿಯಲ್ಲಿ ಏನೋ ಹೇಳಿದ. ಮುನ್ಶಿ ಬರೆದ. ಕಾಗದವನ್ನೂ ಮಸಿಯ ಡಬ್ಬಿಯನ್ನೂ ತಂದು ಮೆಟ್ಟಿಲ ಮೇಲಿಟ್ಟ. "ಹೆಬ್ಬೆಟ್ಟು ಒತ್ತು."

"ಏನ್ ಬರದೀರಿ? ಓದ್ರಿ."

ಮುನ್ಶಿ ಸಾಹೇಬನ ಕಡೆ ನೋಡಿದ. ಸಾಹೇಬ ತಲೆ ಆಡಿಸಿದ. ಮುನ್ಶಿ ಓದಿದ. "ಸಾಕ್ಷಿದಾರಳು ಎರಡೂ ಕಣ್ಣು ಇಲ್ಲದವಳು. ಇವಳ ಹೇಳಿಕೆ ನಂಬಲು ಯೋಗ್ಯವಲ್ಲ. ಬೇರೆ ಸಾಕ್ಷಿ ಇಲ್ಲ."

"ನಾ ಹೇಳಿದ್ದು ಎಲ್ಲಿ ಅದ ಇದರಾಗ?"

"ಒತ್ತು ಅಂದ್ರ ಒತ್ತು."

ಅವಳು ಬಲಗೈಯ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ಪಾಟೀಲನ ಆಳು ಮೈಲಿಗೆಯಾಗದಂತೆ ಕೈಗೆ ಬಟ್ಟೆ ಸುತ್ತಿಕೊಂಡು ಬಂದು ಮುಂಗೈ ಹಿಡಿದ. ಬೆರಳು ಬಿಡಿಸಲು ತಿರುವಿದ. ನಲವತ್ತು ವರ್ಷ ಹೆಡಗಿಯ ಅಂಚು ಹಿಡಿದ ಬೆರಳುಗಳು. ಬಿಡಲಿಲ್ಲ. ನರಸಿಂಗ ಮುಂದೆ ನುಗ್ಗಿ ಆಳಿನ ಎದೆಗೆ ಕೈ ಹಾಕಿ ಹಿಂದಕ್ಕೆ ತಳ್ಳಿದ. ಆಳು ಮಸಿಯ ಡಬ್ಬಿಯ ಮೇಲೆ ಬಿದ್ದ. ಕಾಗದವೆಲ್ಲ ಕಪ್ಪಾಯಿತು.

ಆಗ ಶೇವಂತಾಬಾಯಿ ಕಾಲಿನಿಂದ ಮೆಟ್ಟಿಲು ಹುಡುಕಿದಳು. ಸಿಕ್ಕಿತು. ಹತ್ತಿದಳು. ಎರಡನೆಯದು ಹತ್ತಿದಳು. ಮೂರನೆಯದು. ಚಾವಡಿಯ ಕಟ್ಟೆಯ ಮೇಲೆ ಹೊಲಗೇರಿಯ ಕಾಲು ಬಿದ್ದದ್ದು ಆ ಊರು ಹುಟ್ಟಿದಾಗಿನಿಂದ ಅದೇ ಮೊದಲು. "ಏ! ಏ! ಇಳಿ!" ಎಂದು ಸುತ್ತಲಿಂದ ಕೂಗಿದರು. ಯಾರಿಗೂ ಮುಟ್ಟಿ ಇಳಿಸುವ ಧೈರ್ಯ ಬರಲಿಲ್ಲ. ಮುಟ್ಟಿದರೆ ಮೈಲಿಗೆ. ಅವಳು ಕೈ ಚಾಚಿ ಮೇಜು ಹಿಡಿದಳು. ಎರಡೂ ಅಂಗೈ ಅದರ ಮೇಲೆ ಊರಿದಳು.

"ಬರದುಕೊಳ್ಳದಿದ್ರ ಬಿಡ್ರಿ. ಕೇಳ್ರಿ."

ಹೇಳಿದಳು. ಬಣವೆಯ ಮೇಲಿನಿಂದ ಕಂಡದ್ದನ್ನೆಲ್ಲ ಹೇಳಿದಳು. ಸತ್ತ ಐವರ ಹೆಸರು ಹೇಳಿದಳು. ಕೊಡಲಿ ಹಿಡಿದ ಹದಿನೈದು ಮಂದಿಯ ಹೆಸರು ಅಪ್ಪನ ಹೆಸರು ಸಹಿತ ಹೇಳಿದಳು. ಅವರಲ್ಲಿ ಒಂಬತ್ತು ಮಂದಿ ಅಲ್ಲಿಯೇ ನಿಂತಿದ್ದರು. ತಮ್ಮ ಹೆಸರು ಬಂದಾಗ ಒಬ್ಬೊಬ್ಬರೇ ಹಿಂದೆ ಸರಿದರು. ಕಲ್ಲು ಎತ್ತಿದವನ ಹೆಸರನ್ನು ಕೊನೆಗೆ ಹೇಳಿದಳು. ಕುಬರಾ ಬುರ್ಖಾದೊಳಗೆ ಬಿಕ್ಕುತ್ತಿದ್ದದ್ದು ಇಡೀ ಚಾವಡಿಗೆ ಕೇಳುತ್ತಿತ್ತು.

ಸಾಹೇಬ ಎದ್ದು ಜೀಪು ಹತ್ತಿದ.

ಅಂದು ಹೊತ್ತು ಮುಳುಗುವ ಮೊದಲು ಹೊಲಗೇರಿಯ ಏಳು ಗುಡಿಸಲನ್ನು ಕಿತ್ತು ಹಾಕಿದರು. ನರಸಿಂಗನ ಎಡ ಮೊಣಕೈ ಮುರಿದರು. ಮುಟ್ಟಿದರೆ ಮೈಲಿಗೆಯೆಂದು ಶೇವಂತಾಬಾಯಿಗೆ ದೂರದಿಂದಲೇ ಕಲ್ಲು ಎಸೆದರು. ಎಲ್ಲಿಂದ ಬರುತ್ತಿದೆ ಎಂದು ಕಾಣದೆ ಅವಳು ತಲೆಯ ಮೇಲೆ ಕೈ ಹೊತ್ತು ನಿಂತಲ್ಲೇ ನಿಂತಿದ್ದಳು. ಶಾಲುಬಾಯಿ ಓಡಿ ಬಂದು ಅವಳನ್ನು ಅಪ್ಪಿಕೊಂಡು ತನ್ನ ಬೆನ್ನು ಕೊಟ್ಟಳು. ಮರುದಿನ ಏಳು ಮನೆಯವರೂ ಊರು ಬಿಟ್ಟರು. ಪಾಟೀಲನ ಕೊಟ್ಟಿಗೆಗೆ ಯಾರೂ ಹೋಗಲಿಲ್ಲ.

ವಿಚಾರಣೆ ಮುಗಿಯಿತು. ಸಾಕ್ಷಿ ಇಲ್ಲ ಎಂದು ಕುಬರಾಳಿಗೆ ಒಂದು ಕಾಗದ ಬಂತು. ಹೊಲ ಪಾಟೀಲನಲ್ಲಿಯೇ ಉಳಿಯಿತು. ಶೇವಂತಾಬಾಯಿಯ ಕಣ್ಣು ತಿರುಗಿ ಬರಲಿಲ್ಲ. ಇನ್ನೊಮ್ಮೆ ಬೀದರಕ್ಕೆ ಹೋದಾಗ ಫಕ್ರೋದ್ದೀನ ಡಾಕ್ಟರು ದೀಪ ಹಿಡಿದು ನೋಡಿ, ದೀಪ ಆರಿಸಿ, ಅವಳ ಕೈ ಹಿಡಿದು ಕೂತರು.

ನರಸಿಂಗನಿಗೆ ಭಾಲ್ಕಿ ಸ್ಟೇಷನ್ನಿನಲ್ಲಿ ಹಮಾಲಿ ಸಿಕ್ಕಿತು. ಮೊಣಕೈ ನೆಟ್ಟಗಾಗಲೇ ಇಲ್ಲ. ಬಲಹೆಗಲ ಮೇಲೆ ಮಾತ್ರ ಚೀಲ ಹೊರುತ್ತಿದ್ದ. ಶಾಲುಬಾಯಿ ಕಾಳು ಹಸನು ಮಾಡುವ ಕೂಲಿಗೆ ಹೋಗುತ್ತಿದ್ದಳು. ಮುದುಕಿಯನ್ನು ಒಬ್ಬಳೇ ಬಿಡಲಾಗದೆ ನರಸಿಂಗ ದಿನವೂ ಕರೆತಂದು ಪ್ಲಾಟ್‌ಫಾರ್ಮಿನ ಬೇವಿನ ಕೆಳಗೆ ಕೂಡಿಸುತ್ತಿದ್ದ.

ಮರುವರ್ಷ ದಸರೆ ಮುಗಿದ ಮೇಲೆ ಒಂದು ಮಧ್ಯಾಹ್ನ ಹೈದರಾಬಾದಿನ ಗಾಡಿಗೆ ಜನ ಸೇರಿದ್ದರು. ಸೇವಂತಿ ಹಾರದ ವಾಸನೆ ಬಂತು. ಯಾರನ್ನೋ ಕಳಿಸಿಕೊಡಲು ಬಂದಿದ್ದರು. ಪಾಟೀಲರು ಹೈದರಾಬಾದಿಗೆ ಸಭೆಗೆ ಹೊರಟಿದ್ದಾರೆ, ಮುಂದಿನ ಚುನಾವಣೆಗೆ ಅವರೇ ನಿಲ್ಲುತ್ತಾರೆ ಎಂದು ಯಾರೋ ಹೇಳುತ್ತಿದ್ದರು. ಆಮೇಲೆ ಆ ದನಿ ಕೇಳಿತು. "ಗಾಡಿ ಯಾಕ ಬರವಲ್ದು?"

ಶೇವಂತಾಬಾಯಿ ಎದ್ದಳು. ದನಿಯ ಕಡೆಗೆ ನಡೆದಳು. ಜನ ದಾರಿ ಬಿಟ್ಟರು. ಹಾರದ ವಾಸನೆ ಹತ್ತಿರವಾದಾಗ ನಿಂತಳು.

"ಬಕ್ಕಪ್ಪ ಪಾಟೀಲ" ಅಂದಳು. "ಸಲಾವೋದ್ದೀನನ ಬಾವಿ ಮ್ಯಾಲ ಈ ಸಲ ಏನ್ ಬಿತ್ತೀರಿ?"

ಪಾಟೀಲ ಸುತ್ತಲಿನವರ ಕಡೆ ತಿರುಗಿದ.

"ಯಾರೋ ಹುಚ್ಚಿ. ಕಣ್ಣಿಲ್ಲ, ತಲಿನೂ ಇಲ್ಲ. ಸರಸ್ರೋ ಈಕಿನ್ನ."

ಹಾರ ತಂದವರು ಇಬ್ಬರು ಮುಂದೆ ಬಂದರು. ನರಸಿಂಗ ಹೆಗಲ ಮೇಲಿನ ಚೀಲ ದೊಪ್ಪನೆ ಕೆಳಗೆ ಹಾಕಿ ಅವ್ವನ ಪಕ್ಕದಲ್ಲಿ ಬಂದು ನಿಂತ. ಅವನ ಹಿಂದೆ ಇನ್ನೊಬ್ಬ ಹಮಾಲ ಚೀಲ ಇಳಿಸಿದ. ಮತ್ತೊಬ್ಬ ಇಳಿಸಿದ. ಹನ್ನೆರಡು ಮಂದಿ ಹಮಾಲರು. ಹಾರದವರು ನಿಂತಲ್ಲೇ ನಿಂತರು.

"ನಾ ಬಣವಿ ಮ್ಯಾಲ ಇದ್ದೆ" ಎಂದು ಶೇವಂತಾಬಾಯಿ ಶುರುಮಾಡಿದಳು. ಗಟ್ಟಿ ದನಿಯಲ್ಲಿ, ಮೊದಲಿನಿಂದ. ಪಾಟೀಲ ಹಳಿಯ ಉದ್ದಕ್ಕೂ ನೋಡಿದ. ಗಾಡಿ ಒಂದು ತಾಸು ತಡವಾಗಿತ್ತು.